ತಲೆ ಎತ್ತಿಸುವ ಆಟ

ಥೀಮ್ ಪಾರ್ಕ್ ಎಂಬುದು ಪ್ರೇಕ್ಷಕನೇ ಒಳಗೆ ನಡೆದಾಡುವ ರಂಗಮಂಟಪ. 1955ರ ಜುಲೈ 17ರಂದು ಕ್ಯಾಲಿಫೋರ್ನಿಯಾದ ಅನಾಹೈಮ್‌ನಲ್ಲಿ ಡಿಸ್ನಿಲ್ಯಾಂಡ್ ಬಾಗಿಲು ತೆರೆದಾಗ ಅದರ ಸುತ್ತಲೂ ಎತ್ತರದ ಮಣ್ಣಿನ ದಿಬ್ಬವನ್ನು ಕಟ್ಟಲಾಗಿತ್ತು. ಒಳಗೆ ಬಂದವನಿಗೆ ಹೊರಗಿನ ರಸ್ತೆ, ವಾಹನ, ಅಂಗಡಿಗಳು ಕಾಣಬಾರದು. ಅವನು ಕಾಲಿಟ್ಟಿರುವ ಕಲ್ಪನಾಲೋಕವೇ ಅಷ್ಟು ಹೊತ್ತು ಅವನ ಲೋಕವಾಗಬೇಕು ಎಂಬುದು ಅದರ ಉದ್ದೇಶ. ಅರ್ಧ ಶತಮಾನ ಆ ದಿಬ್ಬ ತನ್ನ ಕೆಲಸವನ್ನು ಚೆನ್ನಾಗಿಯೇ ಮಾಡಿತು. ಆಮೇಲೆ ಹೊರಗಿನ ಲೋಕ ದಿಬ್ಬ ಹತ್ತುವ ಶ್ರಮವನ್ನೇ ಬಿಟ್ಟು, ಮೊಬೈಲ್ ಆಗಿ ಪ್ರತಿಯೊಬ್ಬರ ಜೇಬಿನಲ್ಲಿ ಕುಳಿತು ಒಳಗೆ ಬಂದಿತು.

ಇದು ಎಂಥ ವಿಪತ್ತು ಎಂಬುದನ್ನು ಕಾವ್ಯಮೀಮಾಂಸೆ ಓದಿದವರು ಬೇಗ ಬಲ್ಲರು. ಅಭಿನವಗುಪ್ತನು ನಾಟ್ಯಶಾಸ್ತ್ರದ ವ್ಯಾಖ್ಯಾನವಾದ ‘ಅಭಿನವಭಾರತಿ’ಯಲ್ಲಿ ರಸಾಸ್ವಾದಕ್ಕೆ ಏಳು ವಿಘ್ನಗಳನ್ನು ಹೇಳಿದ್ದಾನೆ. ಅವುಗಳಲ್ಲೊಂದು, ಪ್ರೇಕ್ಷಕನು ತನ್ನ ಸ್ವಂತ ಸುಖದುಃಖಗಳಿಗೆ ವಶನಾಗಿರುವುದು. ಮನೆಯ ಚಿಂತೆಯನ್ನು ಹೊತ್ತು ಬಂದವನಿಗೆ ರಂಗದ ಮೇಲಿನ ರಾಮನ ದುಃಖ ತಟ್ಟದು. ಇದನ್ನು ಕಳೆಯಲೆಂದೇ ವಾದ್ಯ, ಗಾನ, ಅಲಂಕೃತ ಮಂಟಪ ಮುಂತಾದವು ಬೇಕೆಂಬುದು ಅವನು ಸೂಚಿಸುವ ಪರಿಹಾರ. ಕಚೇರಿಯ ಕರೆ, ಬ್ಯಾಂಕಿನ ಸಂದೇಶ, ನೆಂಟರ ಮದುವೆಯ ಫೋಟೊ ಇವೆಲ್ಲವನ್ನೂ ಒಟ್ಟಿಗೇ ತರುವ ಮೊಬೈಲ್ ಈ ವಿಘ್ನದ ಮೂರ್ತರೂಪ. ಅದನ್ನೇ ವಾದ್ಯವನ್ನಾಗಿ, ಮಂಟಪದ ಅಲಂಕಾರವನ್ನಾಗಿ ಮಾಡಬಹುದೇ? ಥೀಮ್ ಪಾರ್ಕುಗಳಿಗೆ ಮೊಬೈಲ್ ಆಟಗಳನ್ನು ರಚಿಸುವವರ ಮುಂದಿರುವ ಪ್ರಶ್ನೆ ಇದು.

ಮೊದಲ ಪ್ರಯತ್ನಗಳಲ್ಲಿ ಒಂದು 2009ರಲ್ಲಿ ಫ್ಲೋರಿಡಾದ ಎಪ್‌ಕಾಟ್‌ನಲ್ಲಿ ನಡೆಯಿತು. ಅಲ್ಲಿ ಕೆರೆಯೊಂದರ ಸುತ್ತ ಹನ್ನೊಂದು ದೇಶಗಳ ಮಂಟಪಗಳಿವೆ. ದೊಡ್ಡವರಿಗೆ ಅಲ್ಲಿನ ವಾಸ್ತುವೂ ಊಟವೂ ಸಾಕು, ಮಕ್ಕಳಿಗೆ ಬೇಸರ. ಕಿಮ್ ಪಾಸಿಬಲ್ ಎಂಬ ಕಾರ್ಟೂನ್ ನಾಯಕಿಯ ಹೆಸರಿನಲ್ಲಿ ಆರಂಭವಾದ ಆಟದಲ್ಲಿ ಪಾರ್ಕಿನವರೇ ಮಕ್ಕಳ ಕೈಗೆ ಫೋನೊಂದನ್ನು ಕೊಡುತ್ತಿದ್ದರು. ಸುಳಿವು ಹಿಡಿದು ಮಂಟಪದ ಮೂಲೆಗೆ ಹೋಗಿ ಗುಂಡಿ ಒತ್ತಿದರೆ, ಅಲ್ಲಿ ಸುಮ್ಮನೆ ಇದ್ದ ವಸ್ತುವೊಂದು ಚಲಿಸುತ್ತಿತ್ತು, ಬೆಳಗುತ್ತಿತ್ತು, ಸದ್ದು ಮಾಡುತ್ತಿತ್ತು. ಫಲ ಕಾಣುತ್ತಿದ್ದುದು ಕಣ್ಣೆದುರಿನ ಗೋಡೆಯಲ್ಲಿ, ಅಂಗಳದಲ್ಲಿ. ಫೋನ್ ಬರಿಯ ಬೀಗದಕೈ. ಆಟದ ಹೆಸರೂ ಪಾತ್ರಗಳೂ ಮುಂದೆ ಎರಡು ಸಲ ಬದಲಾದವು. 2022ರ ಡಿಸೆಂಬರ್‌ನಲ್ಲಿ ಬಂದ ರೂಪ ‘ಡಕ್‌ಟೇಲ್ಸ್’ ಬಾತುಕೋಳಿಗಳದು. ಅದನ್ನು ಸಂದರ್ಶಕರು ತಮ್ಮದೇ ಮೊಬೈಲಿನಲ್ಲಿ ಆಡುತ್ತಾರೆ.

2018ರ ಜೂನ್‌ನಲ್ಲಿ ‘ಪ್ಲೇ ಡಿಸ್ನಿ ಪಾರ್ಕ್ಸ್’ ಎಂಬ ಆ್ಯಪ್ ಬಂದಾಗ ಅದರ ಗಮನ ಇದ್ದುದು ಪಾಳಿಯ ಕಡೆಗೆ. ಥೀಮ್ ಪಾರ್ಕಿನಲ್ಲಿ ಸವಾರಿ ಕೆಲವೇ ನಿಮಿಷದ್ದು. ಅದಕ್ಕಾಗಿ ಪಾಳಿ ಹಚ್ಚುವುದು ಗಂಟೆಗಟ್ಟಲೆ. ತಂದೆ ತಾಯಿ ಮಕ್ಕಳು ಮೂರು ಮೊಬೈಲುಗಳಲ್ಲಿ ಮೂರು ದಿಕ್ಕಾಗಿ ನಿಲ್ಲುವುದು ಅಲ್ಲಿಯೇ. ‘ಸ್ಪೇಸ್ ಮೌಂಟನ್’ ಸವಾರಿಯ ಪಾಳಿಯಲ್ಲಿ ಆಡುವ ಆಟ, ನಿಂತವರನ್ನು ತಂಡವಾಗಿಸಿ ರಾಕೆಟ್ ಕಟ್ಟಿಸಿ ಪಂದ್ಯಕ್ಕೆ ಬಿಡುತ್ತದೆ. ಮುಂದೆ ಬರಲಿರುವ ಸವಾರಿಯ ಕಥೆ ಪಾಳಿಯಲ್ಲಿಯೇ ಆರಂಭವಾಗುತ್ತದೆ, ನಾಟಕಕ್ಕೆ ನಾಂದಿಯಿದ್ದಂತೆ.

ಆದರೆ ಎಲ್ಲಕ್ಕಿಂತ ಭಾಷೆಯವರ ಮನಸ್ಸನ್ನು ಸೆಳೆಯುವುದು 2019ರಲ್ಲಿ ಕ್ಯಾಲಿಫೋರ್ನಿಯಾ ಮತ್ತು ಫ್ಲೋರಿಡಾಗಳಲ್ಲಿ ತೆರೆದ ‘ಸ್ಟಾರ್ ವಾರ್ಸ್: ಗ್ಯಾಲಕ್ಸೀಸ್ ಎಡ್ಜ್’. ಅದು ಬಟೂ ಎಂಬ ಕಲ್ಪಿತ ಗ್ರಹದ ಹಳ್ಳಿ. ಅಲ್ಲಿ ಕಾಲಿಟ್ಟೊಡನೆ ಮೊಬೈಲಿನ ಹೆಸರೇ ಬದಲಾಗಿ ‘ಡೇಟಾಪ್ಯಾಡ್’ ಆಗುತ್ತದೆ, ಅಂದರೆ ಆ ಲೋಕದ ಪ್ರಜೆಯೊಬ್ಬ ಸಹಜವಾಗಿ ಹಿಡಿದಿರಬಹುದಾದ ಸಲಕರಣೆ. ಅದರಿಂದ ಪೆಟ್ಟಿಗೆಯೊಳಗೇನಿದೆ ಎಂದು ನೋಡಬಹುದು, ಬಾಗಿಲಿನ ಯಂತ್ರವನ್ನು ಕೆಣಕಬಹುದು, ಗುಟ್ಟಿನ ಮಾತುಕತೆಯನ್ನು ಆಲಿಸಬಹುದು, ಫಲಕಗಳನ್ನು ಅನುವಾದಿಸಬಹುದು. ಅಲ್ಲಿನ ಫಲಕಗಳು ‘ಔರೆಬೆಶ್’ ಎಂಬ ಕಲ್ಪಿತ ಲಿಪಿಯಲ್ಲಿವೆ. ಇಂಗ್ಲಿಷಿನ ಒಂದೊಂದು ಅಕ್ಷರಕ್ಕೆ ಅದರಲ್ಲಿ ಒಂದೊಂದು ಗುರುತು.

ಕನ್ನಡವನ್ನೂ ಮರಾಠಿಯನ್ನೂ ಒಂದೇ ಬೀದಿಯಲ್ಲಿ ಕಲಿತ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ಮಕ್ಕಳಿಗೆ ಈ ಸುಖವನ್ನು ವಿವರಿಸಿ ಹೇಳಬೇಕಾಗಿಲ್ಲ. ನಿನ್ನೆಯವರೆಗೆ ಬರಿಯ ಗೆರೆಯಾಗಿದ್ದುದು ಇಂದು ಊರಿನ ಹೆಸರಾಗಿ ಓದಿಸಿಕೊಂಡರೆ, ಆ ಊರು ಒಂದು ಹೆಜ್ಜೆ ಹತ್ತಿರ ಬಂದಂತೆ. ಬಟೂವಿನ ಹುಡುಗಿಯೊಬ್ಬಳು ಮೊದಲ ಫಲಕಕ್ಕೆ ಮೊಬೈಲ್ ಹಿಡಿಯುತ್ತಾಳೆ, ಎರಡನೆಯದಕ್ಕೂ ಹಿಡಿಯುತ್ತಾಳೆ. ಹತ್ತನೆಯ ಫಲಕದ ಹೊತ್ತಿಗೆ ನಾಲ್ಕಾರು ಅಕ್ಷರಗಳು ಅವಳಿಗೆ ಬಾಯಿಗೆ ಬಂದಿರುತ್ತವೆ. ಮೊಬೈಲನ್ನು ಇಳಿಸಿ, ಕತ್ತೆತ್ತಿ, ತಾನೇ ಓದಲು ತೊಡಗುತ್ತಾಳೆ. ತನ್ನ ಅಗತ್ಯವನ್ನು ತಾನೇ ಕಡಿಮೆ ಮಾಡಿಕೊಳ್ಳುವ ಆಟ ಇದು. ಒಳ್ಳೆಯ ಶಿಕ್ಷಕರ ಲಕ್ಷಣವೂ ಇದೇ ಅಲ್ಲವೇ?

ಜಪಾನಿನ ಒಸಾಕಾದಲ್ಲಿ 2021ರ ಮಾರ್ಚ್‌ನಲ್ಲಿ ತೆರೆದ ‘ಸೂಪರ್ ನಿಂಟೆಂಡೊ ವರ್ಲ್ಡ್’ ಇನ್ನೂ ಮುಂದೆ ಹೋಯಿತು. ಅಲ್ಲಿ ಸಂದರ್ಶಕರು ಮುಂಗೈಗೆ ಪಟ್ಟಿಯೊಂದನ್ನು ಕಟ್ಟಿಕೊಂಡು, ತಲೆಯ ಮೇಲಿನ ಪ್ರಶ್ನಾರ್ಥಕ ಚಿಹ್ನೆಯ ಪೆಟ್ಟಿಗೆಯನ್ನು ಜಿಗಿದು ಗುದ್ದುತ್ತಾರೆ. ನಾಣ್ಯ ಬಿದ್ದ ಸದ್ದು ಕೇಳುತ್ತದೆ. ಲೆಕ್ಕವನ್ನು ಬರೆದಿಡುವುದಷ್ಟೇ ಮೊಬೈಲಿನ ಕೆಲಸ. ಅದು ಶಾನುಭೋಗನಂತೆ ಹಿಂದೆ ಕುಳಿತಿರುತ್ತದೆ, ಆಡುವುದು ಮೈ.

ರಸಶಾಸ್ತ್ರದ ಒಂದು ವಿಭಾಗಕ್ರಮ ಇಲ್ಲಿ ನೆರವಿಗೆ ಬರುತ್ತದೆ. ದುಷ್ಯಂತನ ರತಿಭಾವಕ್ಕೆ ಶಕುಂತಲೆ ಆಲಂಬನ ವಿಭಾವ. ಆಶ್ರಮದ ಹೂಬಳ್ಳಿ, ಮಾಲಿನೀ ತೀರದ ತಂಗಾಳಿ ಉದ್ದೀಪನ ವಿಭಾವ. ಥೀಮ್ ಪಾರ್ಕಿನಲ್ಲಿ ಆಲಂಬನವಾಗಬೇಕಾದುದು ಆ ಸ್ಥಳ ಮತ್ತು ಜೊತೆಗೆ ಬಂದವರು. ಮೊಬೈಲ್ ಆಟ ಉದ್ದೀಪನವಾಗಿ ಉಳಿಯಬೇಕು. ತಂಗಾಳಿಯೇ ನಾಯಕಿಯಾದರೆ ನಾಟಕ ಕೆಟ್ಟಿತು. ಅಂಕಗಳನ್ನು ಏರಿಸುತ್ತ, ನಿಮಿಷಕ್ಕೊಮ್ಮೆ ಗಂಟೆ ಬಾರಿಸುತ್ತ ಕಣ್ಣನ್ನು ಪರದೆಗೆ ಕಟ್ಟಿಹಾಕುವ ಆಟ, ಎಷ್ಟೇ ಚೆಂದವಿದ್ದರೂ, ಮನೆಯ ಕುರ್ಚಿಯಲ್ಲಿ ಆಡತಕ್ಕದ್ದು. ಅಷ್ಟು ದೂರ ಹೋಗಿ, ಅಷ್ಟು ಹಣ ತೆತ್ತು, ಅಂಗೈಯಗಲದ ಗಾಜನ್ನು ನೋಡಿ ಬಂದಂತಾಗುತ್ತದೆ.

ಇನ್ನೊಂದು ಮಾತನ್ನು ವಿನ್ಯಾಸಕಾರರು ಮರೆಯಲಾಗದು. ಒಸಾಕಾದ ಮುಂಗೈಪಟ್ಟಿಗೆ ಬೇರೆಯೇ ಹಣ ಕೊಡಬೇಕು. ಮಧ್ಯಾಹ್ನದ ಹೊತ್ತಿಗೆ ಮೊಬೈಲಿನ ಬ್ಯಾಟರಿ ಇಳಿದಿರುತ್ತದೆ. ಮೊಮ್ಮಕ್ಕಳೊಡನೆ ಬಂದ ಅಜ್ಜಿಯ ಬಳಿ ಮೊಬೈಲೇ ಇಲ್ಲದಿರಬಹುದು. ಇವರಿಗೆ ಆ ಲೋಕದ ಬಾಗಿಲು ಮುಚ್ಚಿಬಿಟ್ಟರೆ ದಿಬ್ಬವನ್ನು ತಪ್ಪಾದ ಜಾಗದಲ್ಲಿ ಕಟ್ಟಿದಂತೆ. ಆಟದ ಫಲ ಎಲ್ಲರಿಗೂ ಕಾಣುವ ಗೋಡೆಯ ಮೇಲೆ ಬೆಳಗಿದಾಗ ಮೊಮ್ಮಗನ ಬೆರಳು ಗುಂಡಿ ಒತ್ತಿದರೂ ಬೆರಗು ಅಜ್ಜಿಯದೂ ಆಗುತ್ತದೆ. ಮೊಬೈಲಿಗೆ ಆಟ ರಚಿಸುವವರು ಮೊದಲು ನೆನೆಯಬೇಕಾದದ್ದು, ಕೈಯಲ್ಲಿ ಏನನ್ನೂ ಹಿಡಿಯದೆ ಪಕ್ಕದಲ್ಲಿ ನಿಂತಿರುವ ಈ ಅಜ್ಜಿಯನ್ನು.