ಮುಚ್ಚಬೇಡ, ಓಡ್ತಿದೆ

ಮೂಡಲಪಾಳ್ಯದ ನಮ್ಮ ರೂಮಲ್ಲಿ ಹಳೇ ಲ್ಯಾಪ್‌ಟಾಪ್ ಮೇಲೆ ಒಂದು ಚೀಟಿ ಅಂಟಿಸಿದ್ದೆ: 'ಮುಚ್ಚಬೇಡ, ಓಡ್ತಿದೆ.' ಏನು ಓಡ್ತಿದೆ ಅಂತ ರೂಮ್‌ಮೇಟ್ ಕೇಳಿದ. 'ನಮ್ಮ ಬಾಡಿಗೆ' ಅಂದೆ.

ಇದು 2023ರ ಕೊನೆಯ ಮಾತು. ಓಡ್ತಿದ್ದದ್ದು ಟೆಲಿಗ್ರಾಂ ಗುಂಪೊಂದರಲ್ಲಿ ಸಿಕ್ಕಿದ ಪೈಥಾನ್ ಫೈಲು. ಟ್ರೇಡಿಂಗ್ ಮಾಡೋರಿಗೆಲ್ಲ ಗೊತ್ತಿರೋ '9:20 ಸ್ಟ್ರಾಡಲ್'. ಬೆಳಿಗ್ಗೆ 9:20ಕ್ಕೆ ಬ್ಯಾಂಕ್ ನಿಫ್ಟಿಯ ಕಾಲ್, ಪುಟ್ ಎರಡನ್ನೂ ಮಾರೋದು. ಮಾರ್ಕೆಟ್ ಅಲ್ಲಲ್ಲೇ ತೂಕಡಿಸಿದರೆ ಎರಡರ ಬೆಲೆಯೂ ಕರಗಿ ದುಡ್ಡು ನಮಗೆ. ಯಾವುದಾದರೂ ಒಂದು ಶೇ. 25ರಷ್ಟು ಏರಿದರೆ ಸ್ಟಾಪ್‌ಲಾಸ್ ಬಿದ್ದು ಅದರಿಂದ ಆಚೆ. ಆಪ್ಷನ್ಸ್‌ನಲ್ಲಿ ಹತ್ತರಲ್ಲಿ ಒಂಬತ್ತು ಜನ ದುಡ್ಡು ಕಳಕೊಳ್ತಾರೆ ಅಂತ ಸೆಬಿ ಆ ವರ್ಷದ ಜನವರಿಯಲ್ಲೇ ಹೇಳಿತ್ತು. ಬಾಟ್ ಇಟ್ಟುಕೊಂಡವನೇ ಆ ಹತ್ತನೆಯವನು ಅಂತ ನನ್ನ ಲೆಕ್ಕ.

ಮಾರ್ಜಿನ್ನಿಗೆ ನನ್ನ ಉಳಿತಾಯ ಸಾಲಲಿಲ್ಲ. ಅಪ್ಪ ತಿಪಟೂರು ಮಾರ್ಕೆಟ್ಟಲ್ಲಿ ಕೊಬ್ಬರಿ ಮಾರಿ, ಬೋರ್‌ವೆಲ್‌ಗೆ ಅಂತ ನನ್ನ ಖಾತೆಗೆ ಹಾಕಿದ್ದ ಎರಡು ಲಕ್ಷ ಇತ್ತು. ಯುಗಾದಿ ತನಕ ಸುಮ್ನೆ ಕೂತಿರೋ ದುಡ್ಡು ತಾನೆ?

ಎರಡು ತಿಂಗಳು ಚೆನ್ನಾಗೇ ಓಡ್ತು. ಒಂದು ಬುಧವಾರ, ಎಕ್ಸ್‌ಪೈರಿ ದಿನ. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿದೆ. ಸುರಂಗ ದಾಟಿ ಎಂ.ಜಿ. ರೋಡಿನಲ್ಲಿ ರೈಲು ಮೇಲೆ ಬಂದಾಗ ಮೆಸೇಜ್ ಬಂತು: 'ಎಸ್‌ಎಲ್ ಹಿಟ್, ಪುಟ್ ಎಕ್ಸಿಟ್.' ಸರಿ, ಸಣ್ಣ ನಷ್ಟ ಅಂದ್ಕೊಂಡು ಮೀಟಿಂಗಿಗೆ ಹೋದೆ. ಮಧ್ಯಾಹ್ನ ಊಟಕ್ಕೆ ಕೂತು ಆಪ್ ತೆಗೆದರೆ ಪುಟ್ ಇನ್ನೂ ಅಲ್ಲೇ ಇದೆ! 180ಕ್ಕೆ ಮಾರಿದ್ದು 610 ಆಗಿದೆ. ನಾಲ್ಕು ಲಾಟು, ಅಂದರೆ 60. ಕೈ ನಡುಗ್ತಾ ಮುಗಿಸಿದೆ. ಕಾಲ್ ಕಡೆಯ ಲಾಭ ಕಳೆದ ಮೇಲೆ ಹೋದದ್ದು 16,200 ರೂಪಾಯಿ.

ಅವತ್ತು ರಾತ್ರಿ ಮೊದಲ ಸಲ ಆ ಫೈಲನ್ನು ಪೂರ್ತಿ ಓದಿದೆ. ಹೌದು, ಮೊದಲ ಸಲ. ಆಫೀಸಲ್ಲಿ ಜೂನಿಯರ್ ಬರೆದ ನಾಲ್ಕು ಸಾಲಿಗೆ ನಲವತ್ತು ಕಾಮೆಂಟ್ ಹಾಕೋ ಮನುಷ್ಯ ನಾನು.

2021ರ ಸೆಪ್ಟೆಂಬರ್ ತನಕ ಎನ್‌ಎಸ್‌ಇ ಆಪ್ಷನ್ಸ್‌ನಲ್ಲಿ ಸ್ಟಾಪ್‌ಲಾಸ್ ಮಾರ್ಕೆಟ್ ಆರ್ಡರ್ ಇತ್ತು. ಬೆಲೆ ಮುಟ್ಟಿದರೆ ಸಾಕು, ಸಿಕ್ಕ ರೇಟಿಗೆ ಮುಗಿಸಿಬಿಡೋದು. ಅದನ್ನು ನಿಲ್ಲಿಸಿದ ಮೇಲೆ ಉಳಿದದ್ದು ಲಿಮಿಟ್ ಆರ್ಡರ್: ಇಷ್ಟರೊಳಗೆ ಸಿಕ್ಕಿದರೆ ಕೊಳ್ಳು, ಇಲ್ಲದಿದ್ರೆ ಬೇಡ. ಯಾರೋ ಪುಣ್ಯಾತ್ಮ ಹಳೇ ಕೋಡಲ್ಲಿ ಒಂದು ಪದ ಬದಲಿಸಿ ಎರಡು ರೂಪಾಯಿ ಅಂತರ ಇಟ್ಟಿದ್ದ. 225ಕ್ಕೆ ಟ್ರಿಗರ್, 227ಕ್ಕೆ ಲಿಮಿಟ್. ಇದೇ ಫೈಲು ಓಡಿಸೋರ ಸ್ಟಾಪ್ ಎಲ್ಲಾ ಒಂದೇ ಕಡೆ. ಎಲ್ಲರೂ ಒಟ್ಟಿಗೆ ಕೊಳ್ಳೋಕೆ ನುಗ್ಗಿದ್ರೆ ಬೆಲೆ ಹಾರದೆ ಇನ್ನೇನು ಮಾಡುತ್ತೆ? ಅದು 227 ದಾಟಿ ಹೋಯ್ತು, ನನ್ನ ಆರ್ಡರ್ ಬಾಗಿಲಲ್ಲೇ ನಿಂತಿತ್ತು. ಬಾಟ್ ಮಾತ್ರ ಟ್ರಿಗರ್ ಆದ ತಕ್ಷಣ 'ಎಕ್ಸಿಟ್' ಅಂತ ಬರೆದು ಮಲಗಿತ್ತು. ಆರ್ಡರ್ ನಿಜವಾಗಿ ಆಯ್ತಾ ಅಂತ ತಿರುಗಿ ನೋಡೋ ಒಂದು ಸಾಲೂ ಅದರಲ್ಲಿರಲಿಲ್ಲ.

ಅಪ್ಪನ ಎರಡು ಲಕ್ಷ ಮಾರನೇ ದಿನವೇ ವಾಪಸ್ ಹಾಕಿದೆ. ಹೋದದ್ದು ನನ್ನ ಪಾಲಿನದು ಅಂತ ಲೆಕ್ಕ ಬರ್ಕೊಂಡೆ. ಒಂದೇ ಡಬ್ಬಿಯಲ್ಲಿದ್ದ ದುಡ್ಡಲ್ಲಿ ಯಾವ ನೋಟು ಯಾರದು ಅಂತ ಹೇಳೋದು ಹೇಗೆ? 'ಯಾಕೋ ಇಷ್ಟು ಬೇಗ ಕಳಿಸ್ದೆ?' ಅಂದರು ಅಪ್ಪ. 'ಅಲ್ಲೇ ಇರ್ಲಿ ಅಂತ' ಅಂದೆ.

ಗುಂಪಿನಲ್ಲಿ ತಪ್ಪು ಎಲ್ಲಿದೆ, ಯಾಕೆ ಆಗುತ್ತೆ, ಯಾವ ಸಾಲು ಅಂತ ಉದ್ದಕ್ಕೆ ಬರೆದೆ. ಹತ್ತು ನಿಮಿಷದಲ್ಲಿ ಉತ್ತರ ಬಂತು: 'ಸೂಪರ್ ಬ್ರೋ. ಸರಿ ಮಾಡಿದ ಫೈಲ್ ಹಾಕಿ, ನಾಳೆ 9:20ಕ್ಕೆ ಬೇಕು.'