ಮೆಜೆಸ್ಟಿಕ್‌ನಲ್ಲಿ ಒಂದು ತಲೆ ಕಮ್ಮಿ!

ದೇವರಾಯಸಮುದ್ರದಿಂದ ಶಾಲೆಯ 40 ಮಕ್ಕಳನ್ನು ಕರಕೊಂಡು ಬೆಂಗಳೂರಿಗೆ ಹೊರಟೆ. ಮನೇಲಿ ಮಗಳಿಗೆ ಜ್ವರ. "ಊರ ಮಕ್ಕಳೆಲ್ಲಾ ನಿಮ್ಮವೇ, ಇದೊಂದು ಬಿಟ್ಟು" ಅಂದಳು ಹೆಂಡತಿ. ನನ್ನಲ್ಲಿ ಉತ್ತರವಿರಲಿಲ್ಲ.

1956ರ ವಿಧಾನಸೌಧ ನೋಡಿದ್ದಾಯ್ತು. ಕಂಠೀರವ ಸ್ಟುಡಿಯೋದಲ್ಲಿ, 2006ರಲ್ಲಿ ನಮ್ಮನ್ನಗಲಿದ ಅಣ್ಣಾವ್ರ ಸಮಾಧಿಗೆ ಕೈ ಮುಗಿದದ್ದೂ ಆಯ್ತು. ಸಂಜೆ ಮೆಜೆಸ್ಟಿಕ್‌ನಲ್ಲಿ ತಲೆ ಎಣಿಸಿದರೆ 39! ಎದೆ ಧಸಕ್ಕೆಂದಿತು.

ಅರ್ಧ ಗಂಟೆ ಅಲೆದ ಮೇಲೆ, ಕಪಾಲಿ ಇದ್ದ ಬೀದಿಯಲ್ಲಿ ಹುಡುಗ ಸಿಕ್ಕ. "ಮೆಜೆಸ್ಟಿಕ್ ಟಾಕೀಸ್ ಎಲ್ಲಿ ಸಾರ್?" ಅಂದ. ನೀವೇ ಹೇಳಿ ಅಭಿಮಾನಿಗಳೇ, ಅವನನ್ನು ಬೈಯೋದು ಹೇಗೆ?

"ಟಾಕೀಸ್ ಹೋಯ್ತು ಕಣೋ, ಹೆಸರು ಉಳೀತು. 1968ರ ಕಪಾಲಿಯೂ ಹೋಯ್ತು" ಅಂದೆ.

ರಾತ್ರಿ ಮನೆ ಸೇರಿ ಮಗಳ ಹಣೆ ಮುಟ್ಟಿದೆ. ಜ್ವರ ಇಳಿದಿತ್ತು. ಆಗ ಲೆಕ್ಕ ಸರಿಹೋಯ್ತು: 41.