ವಾಷಿಂಗ್ ಮೆಷಿನ್‌ಗೆ ನೀರು ಏರದ ಕಥೆ

ಹೋದ ಬೇಸಿಗೆಯಲ್ಲಿ ಗುಂಡ್ಲುಪೇಟೆ ಕಡೆಯ ಒಂದು ಹಳ್ಳಿಯಲ್ಲಿ ಹೆಂಗಸರು ಖಾಲಿ ಕೊಡ ಇಟ್ಟುಕೊಂಡು ರಸ್ತೆಯಲ್ಲಿ ಕೂತಿದ್ದರು. ಫೋಟೊ ತೆಗೆದೆ, ಬೈಕ್ ಮೇಲೇ ಕೂತು ಮೊಬೈಲಿನಲ್ಲಿ ನಾಲ್ಕು ಪ್ಯಾರಾ ಟೈಪ್ ಮಾಡಿ ಕಳಿಸಿದೆ. ತೆರಕಣಾಂಬಿ ದಾಟಿ ಚಾಮರಾಜನಗರದ ಹತ್ತಿರದ ನಮ್ಮೂರಿಗೆ ಬಂದು ನೋಡಿದರೆ, ನಮ್ಮವ್ವ ಎರಡು ಕೈಯಲ್ಲೂ ಬಕೆಟ್ ಹಿಡಿದು ತಾರಸಿ ಮೆಟ್ಟಿಲು ಹತ್ತುತ್ತಿದ್ದಳು. ವಾಷಿಂಗ್ ಮೆಷಿನ್ನಿಗೆ ನೀರು ಹೊರುತ್ತಿದ್ದಳು!

"ಅದು ನೀರ ಎಳ್ಕಳ್ತಾ ಇಲ್ಲ ಕನಾ ಮಗಾ, ಬರೀ ಗುಂಯ್ ಅಂತದ" ಅಂದಳು. ಎಷ್ಟು ದಿನದಿಂದ ಅಂತ ಕೇಳಿದರೆ ಹದಿನೈದು ದಿನವಾಯಿತಂತೆ. ಅವಳ ಮಂಡಿನೋವಿಗೆಂದೇ ಕಂತಿನಲ್ಲಿ ತಂದ ಮೆಷಿನ್ನು ಅದು. ನಾನು ಊರೂರ ನೀರಿನ ಸುದ್ದಿ ಬರೆದುಕೊಂಡು ತಿರುಗುತ್ತಿದ್ದೆ.

ಮೆಷಿನ್ನಿನ ಪುಟ್ಟ ಪರದೆಯಲ್ಲಿ 'ಐಇ' ಅಂತ ಮಿನುಗುತ್ತಿತ್ತು. ಬೇರೆ ಕೆಲವು ಮೆಷಿನ್ನುಗಳಲ್ಲಿ '4ಇ' ಅಥವಾ '4ಸಿ' ಅಂತ ಬರುತ್ತೆ. ಎಲ್ಲದರ ಅರ್ಥ ಒಂದೇ, ಹೇಳಿದ ಹೊತ್ತಿನೊಳಗೆ ನೀರು ತುಂಬಲಿಲ್ಲ ಅಂತ. ರಿಪೇರಿಯವನನ್ನು ಕರೆಸಿದೆ. ಅವನು ಐದು ನಿಮಿಷ ನೋಡಿ, ವಾಲ್ವ್ ಹೋಗಿದೆ, ಹೊಸದು ಹಾಕಬೇಕು ಅಂದ. ಬಂದಿದ್ದಕ್ಕೆ ದುಡ್ಡು ಈಸಿಕೊಂಡು ಹೋದ.

ನನಗೆ ಅನುಮಾನ. 'ಗುಂಯ್' ಅನ್ನೋ ಸದ್ದು ವಾಲ್ವ್‌ಗೆ ಕರೆಂಟು ಬರ್ತಿದೆ ಅನ್ನೋದರ ಗುರುತು. ಹಾಗಾದರೆ ಬಾಗಿಲು ತೆಗೆದರೂ ನೀರು ಯಾಕೆ ಬರ್ತಿಲ್ಲ? ಮೊದಲು ಪ್ಲಗ್ ಕಿತ್ತೆ (ಒದ್ದೆ ಕೈಯಲ್ಲಿ ಮಾತ್ರ ಬೇಡ), ನಲ್ಲಿ ನಿಲ್ಲಿಸಿ ಹಿಂದಿನ ಪೈಪ್ ಬಿಚ್ಚಿದೆ. ಪೈಪ್ ಕೂರುವ ಜಾಗದಲ್ಲಿ ಒಂದು ಸಣ್ಣ ಜರಡಿ ಇರುತ್ತೆ. ಇಕ್ಕಳದಲ್ಲಿ ಮೆಲ್ಲಗೆ ಎಳೆದರೆ ಬಂತು. ಬೋರ್‌ವೆಲ್ ಮರಳು, ಮೇಲೆ ಸುಣ್ಣದಂಥ ಬಿಳಿ ಪೊರೆ. ಉಗುರುಬೆಚ್ಚಗಿನ ನೀರಿಗೆ ನಿಂಬೆಉಪ್ಪು ಹಾಕಿ ನೆನೆಸಿ, ಹಳೇ ಬ್ರಶ್‌ನಲ್ಲಿ ಉಜ್ಜಿದೆ. ಮೆಷಿನ್ ಓಡಿತು. ಅವ್ವನ ಮುಂದೆ ಸ್ವಲ್ಪ ಜಂಬವನ್ನೂ ಕೊಚ್ಚಿಕೊಂಡೆ.

ವಾರಕ್ಕೆ ಮತ್ತೆ 'ಐಇ'. ಜರಡಿ ಮಾತ್ರ ಶುದ್ಧವಾಗೇ ಇತ್ತು.

ಈ ಸಲ ಪೈಪಿನ ತುದಿಯನ್ನು ಬಕೆಟ್‌ಗೆ ಬಿಟ್ಟು ನಲ್ಲಿ ತಿರುಗಿಸಿದೆ. ಕಿರುಬೆರಳಿನಷ್ಟು ದಪ್ಪವೂ ಇಲ್ಲದ ಧಾರೆ. ಆಗ ತಲೆ ಎತ್ತಿ ಟ್ಯಾಂಕ್ ನೋಡಿದೆ. ಮೆಷಿನ್ ಇದ್ದದ್ದು ತಾರಸಿಯಲ್ಲಿ, ಟ್ಯಾಂಕಿನ ಪಕ್ಕದಲ್ಲೇ. ನೀರು ಎಷ್ಟು ಎತ್ತರದಿಂದ ಇಳಿಯುತ್ತೋ ಅಷ್ಟೇ ಅದರ ಒತ್ತಡ. ಹತ್ತು ಮೀಟರ್ ಎತ್ತರಕ್ಕೆ ಸುಮಾರು 1 ಬಾರ್. ಬಹಳಷ್ಟು ಮೆಷಿನ್ನುಗಳಿಗೆ ಕಡಿಮೆಯೆಂದರೂ 0.3 ಬಾರ್ ಬೇಕು, ಅಂದರೆ ಹತ್ತಡಿ. ನಮ್ಮದರಲ್ಲಿ ಮೂರಡಿಯೂ ಇರಲಿಲ್ಲ. ಟ್ಯಾಂಕ್ ತುಂಬಿದ್ದಾಗ ಹೇಗೋ ನಡೆಯುತ್ತಿತ್ತು, ಬೇಸಿಗೆಯಲ್ಲಿ ಟ್ಯಾಂಕಿನ ನೀರು ತಳಕ್ಕಿಳಿದಾಗ ನಿಲ್ಲುತ್ತಿತ್ತು. ಮೆಷಿನ್ನಿನದೇನೂ ತಪ್ಪಿಲ್ಲ. ತಾರಸಿಯಲ್ಲಿ ಇಟ್ಟಿದ್ದು ಯಾರು? ನಾನೇ. ಕೆಳಗೆ ಜಾಗ ಇಲ್ಲ ಅಂದಿದ್ದೆ.

ತಮ್ಮನೂ ನಾನೂ ಸೇರಿ ಅದನ್ನು ಕೆಳಗಿನ ಬಚ್ಚಲ ಪಕ್ಕಕ್ಕೆ ಇಳಿಸಿದೆವು. ತಾರಸಿಯಿಂದ ಅದಕ್ಕೇ ಅಂತ ಬೇರೆ ಪೈಪ್ ಎಳೆಸಿದೆ. ಹೊಸ ವಾಲ್ವ್ ಬೇಕಾಗಲಿಲ್ಲ. ಮನೆ ಕಟ್ಟುತ್ತಿರುವವರು ಟ್ಯಾಂಕನ್ನು ತಾರಸಿ ಮೇಲೆ ಸುಮ್ಮನೆ ಕೂರಿಸಬೇಡಿ, ನಾಲ್ಕಡಿ ಕಂಬದ ಮೇಲಿಡಿ. ಪ್ರೆಶರ್ ಪಂಪೂ ಸಿಗುತ್ತೆ, ಆದರೆ ನಮ್ಮ ಕರೆಂಟನ್ನು ನಂಬಿ ಅದನ್ನು ತರಬೇಕಲ್ಲ.

ಇದನ್ನು ಕೇಳಿ ಗುಂಡ್ಲುಪೇಟೆಯಿಂದ ನಮ್ಮ ಚಿಕ್ಕವ್ವ ಫೋನ್ ಮಾಡಿದಳು. ಅವರ ಮನೇಲಿ ನೀರು ಚೆನ್ನಾಗೇ ಬರುತ್ತಂತೆ, ಡ್ರಮ್ ಮಾತ್ರ ತುಂಬೋದೇ ಇಲ್ಲವಂತೆ. ಕೊಳೆನೀರಿನ ಪೈಪ್ ಎಲ್ಲಿದೆ ಅಂತ ಕೇಳಿದೆ. ನೆಲದ ಮೇಲೇ ಬಿದ್ದಿತ್ತು. ಅದು ತಗ್ಗಿನಲ್ಲಿದ್ದರೆ ಒಳಗೆ ಬಂದ ನೀರು ಬಂದ ಹಾಗೇ ಹರಿದುಹೋಗಬಹುದು. ಎರಡೂವರೆ ಅಡಿ ಮೇಲೆ ಗೋಡೆಗೆ ಕಟ್ಟು ಅಂದೆ. ಸರಿಹೋಯಿತು.

ನಮ್ಮ ಮನೇಲಿ ಈಗ ತಿಂಗಳಿಗೊಮ್ಮೆ ಜರಡಿ ತೊಳೆಯುವುದು ಅವ್ವನೇ. ಇಕ್ಕಳ ಎಲ್ಲಿಟ್ಟಿದ್ದಾಳೋ ನನಗೂ ಹೇಳಿಲ್ಲ.